ಯಾರೂ ಮಾತಾಡಿಸದ ಪಿಚರ್

ಎಮ್ಮೆಟ್ ಡ್ರಿಸ್ಕಲ್ ಬೇಸ್‌ಬಾಲಿನ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗಿನಲ್ಲಿ ಮೊದಲ ಸಲ ಚೆಂಡೆಸೆಯಲು ನಿಂತ ದಿನ, ಒಂಬತ್ತರಲ್ಲಿ ನಾಲ್ಕು ಇನ್ನಿಂಗ್ಸ್ ಮುಗಿದರೂ ಎದುರಾಳಿಗಳಿಗೆ ಒಂದು ಹಿಟ್, ಅಂದರೆ ಫೀಲ್ಡರುಗಳ ಕೈಗೆ ಸಿಗದ ಒಂದು ಹೊಡೆತ ಕೂಡ ದಕ್ಕಲಿಲ್ಲ. ಅವನ ಮಿಲ್ಬರ್ನ್ ಹೆರನ್ಸ್ ತಂಡದವರು ಕೂರುವ ಡಗೌಟಿನಲ್ಲಿ ಆಗಲೇ ಮೌನವ್ರತ ಶುರುವಾಯಿತು. ಚೆಂಡೆಸೆಯುವ ಪಿಚರ್ ಒಬ್ಬ ಒಂದೂ ಹಿಟ್ ಕೊಡದೆ ಆಟ ಮುಗಿಸುವ ಹಾದಿಯಲ್ಲಿದ್ದಾನೆ ಅಂದರೆ ಅವನನ್ನು ಮಾತಾಡಿಸಬಾರದು, ಪಕ್ಕದಲ್ಲಿ ಕೂರಬಾರದು, ಮುಖ ಕೊಟ್ಟು ನೋಡಬಾರದು. ನೋಡಿದರೆ ದೃಷ್ಟಿ ತಗಲುತ್ತದೆ. ಚೆಂಡಿನ ವೇಗ, ತಿರುವು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳೆದು ತೂಗುವ ಮಹಾಶಯರು ಈ ಒಂದು ವಿಷಯದಲ್ಲಿ ಮಾತ್ರ ಮಂತ್ರವಾದಿಯ ಮೊಮ್ಮಕ್ಕಳು.

ಐದನೇ ಇನ್ನಿಂಗ್ಸಿನ ಕೊನೆಯ ಎಸೆತಕ್ಕೆ ಎಮ್ಮೆಟ್‌ನ ಮೊಣಕೈಯೊಳಗೆ ಏನೋ ಚಳಕ್ಕೆಂದಿತು. ನೋವು ಕಿರುಬೆರಳಿನವರೆಗೂ ಹರಿಯಿತು. ಹಲ್ಲು ಕಚ್ಚಿಕೊಂಡು ಬಂದು ಬೆಂಚಿನಲ್ಲಿ ಕೂತರೆ, ಅಲ್ಲಿದ್ದ ಇಬ್ಬರು ಎದ್ದು ಜಾಗ ಖಾಲಿ ಮಾಡಿದರು. ಎಮ್ಮೆಟ್ ಎದ್ದು ಮ್ಯಾನೇಜರ್ ಗ್ರೀವ್ಸ್‌ನ ಹತ್ತಿರ ಹೋದ. ಗ್ರೀವ್ಸ್‌ಗೆ ಇದ್ದಕ್ಕಿದ್ದಂತೆ ಬಚ್ಚಲುಮನೆಯ ನೆನಪಾಯಿತು. ಮೈಕೈ ನೋಡಿಕೊಳ್ಳಲೆಂದೇ ಸಂಬಳ ತಿನ್ನುವ ಫಿಸಿಯೋ, ಸೂರ್ಯಕಾಂತಿ ಬೀಜ ಅಗಿಯುತ್ತ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಉಳಿದವನು ಅವನ ಎಸೆತ ಹಿಡಿಯುವ ಕ್ಯಾಚರ್ ಬರಾಹಾಸ್, ಹದಿನೈದು ವರ್ಷ ಆಡಿದ ಹಳೇ ಹುಲಿ.

"ಅಣ್ಣಾ, ನನ್ನ ಮೊಣಕೈ..."

ಬರಾಹಾಸ್ ಎರಡೂ ಕಿವಿ ಮುಚ್ಚಿಕೊಂಡ. "ಬೇಡ ಮಗಾ, ಏನೂ ಹೇಳ್ಬೇಡ. ಆಟ ಮುಗೀಲಿ, ರಾತ್ರಿಯೆಲ್ಲಾ ಕೇಳ್ತೀನಿ."

ಎಮ್ಮೆಟ್ ಯಾರನ್ನು ದೂರುವುದು? ಹೈಸ್ಕೂಲಿನಲ್ಲಿ ಅವನೂ ಹೀಗೆ ಹಿಟ್ ಕೊಡದೆ ಎಸೆಯುತ್ತಿದ್ದ ಗೆಳೆಯರಿಂದ ತಪ್ಪಿಸಿಕೊಂಡು ಓಡಿದವನೇ. ಆದರೆ ಈಗ ಕೈ ಅವನದು, ಇರುವುದು ಒಂದೇ ಬಲಗೈ. ಮೊದಲ ಪಂದ್ಯದಲ್ಲೇ ತಾನಾಗಿ ಆಟ ಬಿಟ್ಟು ಎದ್ದರೆ ಪುಕ್ಕಲನೆಂದು ಮತ್ತೆ ಕೆಳಗಿನ ಲೀಗಿನ ಬಸ್ಸು ಹತ್ತಿಸುತ್ತಾರೆ. ಎಸೆಯುತ್ತ ಹೋದರೆ ಬಸ್ಸು ಹತ್ತುವುದಕ್ಕೂ ಕೈ ಉಳಿಯುವುದಿಲ್ಲ.

ಆರನೆಯದರಲ್ಲಿ ನೋವಿಗೆ ಚೆಂಡು ನಿಧಾನವಾಯಿತು. ವೇಗಕ್ಕೆ ಕಾದಿದ್ದ ಬ್ಯಾಟರುಗಳು ಗಾಳಿಗೆ ಬ್ಯಾಟು ಬೀಸಿ ಹೋದರು. ಇಪ್ಪತ್ತೊಂದರ ಹುಡುಗನಿಗೆ ನಲವತ್ತರ ತಲೆ ಎಂದು ಟೀವಿಯವರು ಕೊಂಡಾಡಿದರು.

ಆಗ ಎಮ್ಮೆಟ್‌ಗೆ ದಾರಿ ಹೊಳೆಯಿತು. ಒಂದು ಹಿಟ್ ಕೊಟ್ಟರೆ ಸಾಕು, ಇವರೆಲ್ಲರ ಬಾಯಿ ಬಿಚ್ಚುತ್ತದೆ. ಹುಟ್ಟಿದಾಗಿನಿಂದ ಕಂಡ ಕನಸನ್ನು ತಾನೇ ಕೈಯಾರೆ ಕೊಲ್ಲಬೇಕಲ್ಲ ಎಂದು ಅಳು ಬಂತು. ಆದರೂ ಏಳನೆಯದರಲ್ಲಿ ಮಗುವಿಗೆ ಎಸೆದಂತೆ ನಡುಮಧ್ಯಕ್ಕೆ ಒಂದು ಚೆಂಡು ಹಾಕಿದ. ಬ್ಯಾಟರ್ ಚಚ್ಚಿದ. ದೂರದ ಗೋಡೆಯ ಹತ್ತಿರ ಫೀಲ್ಡರನೊಬ್ಬ ನೆಗೆದು, ಬಿದ್ದು, ಹೊರಳಿ ಹಿಡಿದೇಬಿಟ್ಟ. ಮೈದಾನ ಹುಚ್ಚೆದ್ದಿತು. ಎಮ್ಮೆಟ್ ಅವನಿಗೆ ಮನಸ್ಸಿನಲ್ಲೇ ಸಹಸ್ರನಾಮ ಹೇಳಿದ.

ಎಂಟನೆಯದರಲ್ಲಿ ಇನ್ನೂ ಮೆತ್ತಗೆ ಹಾಕಿದ. ಈ ಸಲ ಚೆಂಡು ಇಬ್ಬರು ಫೀಲ್ಡರುಗಳ ನಡುವೆ ನುಸುಳಿ ಹೋಗಿ ಹಿಟ್ ಆಯಿತು. ಜನ ನಿಟ್ಟುಸಿರಿಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಟ್ಟೆ ಒಡೆದಂತೆ ತಂಡದವರೆಲ್ಲರೂ ಅವನ ಸುತ್ತ ನೆರೆದರು. ಬೆನ್ನು ತಟ್ಟಿದವರೆಷ್ಟು, ತಲೆ ಸವರಿದವರೆಷ್ಟು. ಗ್ರೀವ್ಸ್ ಹೆಗಲ ಮೇಲೆ ಕೈಯಿಟ್ಟ.

"ಕೈ ಹೇಗಿದೆ ಮರಿ?"

"ಐದನೇ ಇನ್ನಿಂಗ್ಸಿಂದ ಬೆರಳೇ ಗೊತ್ತಾಗ್ತಿಲ್ಲ ಸಾರ್."

"ಅಯ್ಯೋ, ಆಗಲೇ ಹೇಳೋದಲ್ವಾ? ನಾವೆಲ್ಲ ಅಲ್ಲೇ ಇದ್ವಲ್ಲ."

ಮೊಣಕೈಗೆ ಕತ್ತರಿ ಹಾಕಲೇಬೇಕು, ಮುಂದಿನ ವರ್ಷದ ಆಟ ಮರೆತುಬಿಡು ಎಂದರು ಡಾಕ್ಟರು. ಎಮ್ಮೆಟ್ ಮಂಜುಗಡ್ಡೆಯ ಚೀಲ ಒತ್ತಿಕೊಂಡು ಕೂತಿದ್ದಾಗ ಟೀವಿಯಲ್ಲಿ ಗ್ರೀವ್ಸ್ ಪತ್ರಕರ್ತರಿಗೆ ಉಪದೇಶ ಮಾಡುತ್ತಿದ್ದ: "ಭರವಸೆಯ ಹುಡುಗ, ಎರಡು ಮಾತಿಲ್ಲ. ಆದ್ರೆ ಈಗಿನವರು ಮನಸ್ಸಲ್ಲಿರೋದನ್ನ ಬಾಯ್ಬಿಟ್ಟು ಹೇಳೋದು ಕಲೀಬೇಕು."

"ನಿಜ ಮಗಾ," ಎಂದು ಪಕ್ಕದಲ್ಲಿ ಕೂತ ಬರಾಹಾಸ್ ತಲೆದೂಗಿದ.