ಚಿಕ್ಕಣ್ಣನ ಟೀಸಿ ಅರ್ಜಿ

ಮಕ್ಕಳ ಕೊರತೆಯಿಂದ ಶಾಲೆ ಮುಚ್ಚಿದ್ದಂತೆ. ಮಣ್ಣು! ಇಪ್ಪತ್ತಮೂರು ಮಕ್ಕಳಿದ್ದ ಸರ್ಕಾರಿ ಶಾಲೆ ನಮ್ಮೂರಿನದು. ನನ್ನ ಅತ್ತೆ ಮಾಯಮ್ಮ ಬಿಸಿಯೂಟದ ಅಡುಗೆಗೆ ಸೇರಿದ ತಿಂಗಳಲ್ಲೇ ಗೌಡರ ಬೀದಿಯ ಹದಿನೇಳು ಮಕ್ಕಳು ಟೀಸಿ ಕಿತ್ತುಕೊಂಡು ಮಳವಳ್ಳಿ ಕಾನ್ವೆಂಟಿನ ವ್ಯಾನು ಹತ್ತಿದವು. ಉಳಿದದ್ದು ನಮ್ಮ ಕೇರಿಯ ಆರು. ಆರಕ್ಕೊಂದು ಶಾಲೆ ಯಾಕೆಂದು ಬೀಗ ಜಡಿದರು. ಅಂದಿನಿಂದ ನನ್ನ ಏಳು ವರ್ಷದ ಮಗಳು ಕವಿತ ಪಕ್ಕದೂರಿನ ಶಾಲೆಗೆ ನಾಲೆ ಏರಿಯ ಮೇಲೆ ದಿನಾ ಮೂರು ಕಿಲೋಮೀಟರು ನಡೆಯುತ್ತಿದ್ದಳು. ಶಾಲೆಯ ಜಗಲಿಯಲ್ಲಿ ಗೌಡರ ಬೀದಿಯ ಚಿಕ್ಕಣ್ಣನ ಬಂಡೂರು ಕುರಿಗಳು ಮೆಲುಕು ಹಾಕುತ್ತಿದ್ದವು.

ಹತ್ತು ಹೆಸರು ಸಿಕ್ಕಿದರೆ ಮತ್ತೆ ತೆರೆಯುತ್ತೇವೆಂದು ಇಲಾಖೆಯ ಸಾಹೇಬರು ಬಂದು ಕೂತರು.

"ಮಕ್ಳೆಲ್ಲವ್ರೆ ಸಾ? ಈಗ ಮನ್ಗೊಂದೇ," ಎಂದ ಚಿಕ್ಕಣ್ಣ.

ನನಗೆ ಮೈಯೆಲ್ಲ ಉರಿಯಿತು. ಶಾಲೆಯ ಕಡತ ಸಾಗಿಸಿದ ದಿನ ಅಲ್ಲಿನ ವನಜಾ ಟೀಚರು ನನ್ನ ಕೈಗೆ ತುರುಕಿದ್ದ ಹಾಳೆಯನ್ನು ಸಾಹೇಬರ ಮುಂದೆ ಬಿಚ್ಚಿದೆ. ಮೊಮ್ಮಗನ ಟೀಸಿಗೆ ಚಿಕ್ಕಣ್ಣ ಬರೆದ ಅರ್ಜಿ. ಉಳಿದವರೆಲ್ಲ 'ಸ್ವಂತ ಕಾರಣ' ಎಂದು ಬರೆದು ಜಾರಿಕೊಂಡಿದ್ದರು. ಇವನಿಗೆಲ್ಲಿಯ ನಾಚಿಕೆ! 'ಮಾಯಮ್ಮ ಅಡುಗೆ ಮಾಡುವುದರಿಂದ ನಮ್ಮ ಜಾತಿಯ ಮಕ್ಕಳು ಉಣ್ಣಲಾಗದು' ಎಂದು ಬರೆದು ದಪ್ಪಗೆ ಸಹಿ ಹಾಕಿದ್ದ.

"ಸಹಿ ನಿಮ್ದೇನ್ರಿ?"

"ಊಂ ಸಾ. ಇದ್ದದ್ದು ಬರ್ದೆ."

"ಇದು ಸ್ಟೇಷನ್ನಿಗೆ ಹೋದ್ರೆ ಜೈಲು, ಗೊತ್ತೇನ್ರಿ?" ಸಾಹೇಬರು ನನ್ನತ್ತ ತಿರುಗಿದರು. "ಕಂಪ್ಲೇಂಟ್ ಕೊಡ್ತೀರೇನಮ್ಮ?"

"ಮೊದ್ಲು ಸ್ಕೂಲು ಸಾ."

ಚಿಕ್ಕಣ್ಣನ ಮುಖ ಹುಳ್ಳಗಾಯಿತು. ಸಾಹೇಬರು ಹಾಳೆಯನ್ನು ನನಗೇ ಕೊಟ್ಟು ಜೀಪಿನತ್ತ ಹೋದದ್ದೇ ಅವನು ನನ್ನ ಪಕ್ಕಕ್ಕೆ ಬಂದ. "ನಾಗಶ್ರೀ, ಅದ್ನ ಕೊಟ್ಬುಡವ್ವ. ನಮ್ ಬೀದಿ ಮಕ್ಳ ಕಳುಸ್ತೀನಿ. ನಿಮ್ಮತ್ತೆ ಮಾತ್ರ ಬ್ಯಾಡ."

ಹುಟ್ಟಿದಾಗಿನಿಂದ ಅವನಿಗೆ 'ನೀವು' ಅಂದವಳು ನಾನು. ಅವತ್ತು ಬಾಯಿಗೆ ಬರಲಿಲ್ಲ.

"ನಮ್ಮತ್ತೆನೇ ಬೇಯ್ಸೋದು ಕಣೋ ಗೌಡ. ಮೊದ್ಲ ದಿನ ನೀನೇ ಬಂದು ಮಕ್ಳ ಸಾಲ್ನಾಗೆ ಕುಂತು ಉಣ್ಬೇಕು. ಆಮೇಲೆ ಕಾಗ್ದ."

"ನಿನ್ ಬಾಯ್ಗೆ ಮಣ್ಣಾಕ!" ಎಂದು ಉಗಿದು ಹೋದ.

ಸೋಮವಾರ ಬೀಗ ತೆಗೆದಾಗ ಬಂದ. ಹಿಂದೆ ಏಳು ಮಕ್ಕಳು. ಅತ್ತೆ ಅನ್ನ, ಬೇಳೆಸಾರು ಬಡಿಸಿದರು. ಹರಳೆಣ್ಣೆ ಕುಡಿಯುವವನ ಹಾಗೆ ಕಣ್ಣು ಮುಚ್ಚಿ ನುಂಗಿದ.

"ಉಪ್ಪು ಕಮ್ಮಿ," ಎಂದ.

"ಆಕುಸ್ಕೊ," ಎಂದು ಅತ್ತೆ ಒಂದು ಹಿಡಿ ಉಪ್ಪು ಸುರಿದರು. ಊರೆಲ್ಲ ಕಿಟಕಿಯಲ್ಲಿ ನಿಂತು ನೋಡುತ್ತಿತ್ತು. ತಟ್ಟೆ ಖಾಲಿ ಮಾಡಲೇಬೇಕಾಯಿತು.

ಕೈ ತೊಳೆದವನೇ ಕಾಗದ ಕಸಿದು, ಹರಿದು, ಒಲೆಗೆ ಹಾಕಿದ.

"ಮುಗೀತಾ?"

"ಮುಗೀತು," ಅಂದೆ.

ಅದರ ಜೆರಾಕ್ಸು ನಮ್ಮ ಟ್ರಂಕಿನಲ್ಲಿದೆ. ಕವಿತ ಐದನೇ ಕ್ಲಾಸು ಮುಗಿಸುವವರೆಗೂ ಅಲ್ಲೇ ಇರುತ್ತದೆ.