ಎಣ್ಣೆಗೆ ಎಣ್ಣೆ

ಕಾರಿನ ಹೊಟ್ಟೆಯಿಂದ ಕಪ್ಪು ಎಣ್ಣೆ ಎಳೆಯಾಗಿ ಇಳಿದು ತಗಡಿನ ಡಬ್ಬಿಗೆ ಬೀಳುತ್ತಿತ್ತು. ರಂಗಪ್ಪ ಗೋಣಿತಾಟಿನ ಮೇಲೆ ಅಂಗಾತ ಮಲಗಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಆ ಎಳೆ ತೆಳ್ಳಗಾಗುವುದನ್ನೇ ಕಾಯುತ್ತಿದ್ದ. ಅವನ ಕಾಲುಗಳು ಮಾತ್ರ ಹೊರಗಿದ್ದವು. ಪರಮೇಶ್ವರಪ್ಪ ಪ್ಲಗ್ಗುಗಳನ್ನು ಬಿಚ್ಚಿ ಮಡ್‌ಗಾರ್ಡಿನ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೇ ಉಜ್ಜುತ್ತಿದ್ದ. ಅವನ ಹೆಂಡತಿ ಜಯಶೀಲಾ ರಂಗಪ್ಪನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಒಂದು ಪಿಂಗಾಣಿ ಜಾಡಿ. ಕೆಳಗಿಡಬಹುದಿತ್ತು. ಇಟ್ಟಿರಲಿಲ್ಲ.

ಭದ್ರಾವತಿ ನ್ಯೂಟೌನಿನ ಆ ಸಾಲಿನಲ್ಲಿ ಎಲ್ಲ ಮನೆಗಳೂ ಒಂದೇ ಥರ. ಎಲ್ಲ ಮನೆಗಳ ಮೇಲೂ ಕಾರ್ಖಾನೆಯ ಹೊಗೆ. ಪಕ್ಕದ ಮನೆಯ ತಮಿಳು ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತ, ಹಿಂದಿನ ಸೀಟಿಲ್ಲದ, ಬಂಪರಿಲ್ಲದ, ಸೈಲೆನ್ಸರಿಲ್ಲದ ಕಾರನ್ನು ನೋಡಿ ಏನೋ ಹೇಳಿ ನಕ್ಕಳು. ರಂಗಪ್ಪ ಕೆಳಗಿನಿಂದಲೇ ಅವಳಿಗೆ ತಮಿಳಿನಲ್ಲಿ ಉತ್ತರ ಕೊಟ್ಟ. ಆಮೇಲೆ ಅರ್ಥ ಹೇಳಿದ. ಈ ಕಾರಿನ ಬಟ್ಟೆಯನ್ನೂ ಒಣಹಾಕಿದ್ದೀರಾ ಎಂದು ಕೇಳಿದಳಂತೆ. ರೇಸಿಗೆ ಹೋಗೋರು ಲಂಗೋಟಿಯಲ್ಲೇ ಹೋಗೋದು ಅಂದನಂತೆ.

ಬರುವ ಭಾನುವಾರ ಮದರಾಸಿನಾಚೆ ಶೋಳವರಂನಲ್ಲಿ, ಯುದ್ಧದ ಕಾಲದಲ್ಲಿ ವಿಮಾನಗಳಿಗೆಂದು ಹಾಕಿದ ದಾರಿಯ ಮೇಲೆ, ಕಾರುಗಳ ಪಂದ್ಯವಿತ್ತು. ಪರಮೇಶ್ವರಪ್ಪ ಪಂದ್ಯವನ್ನು ನೋಡಿದವನೇ ಅಲ್ಲ. ಶಿವಮೊಗ್ಗದಲ್ಲಿ ಅಪ್ಪ ಉಜ್ಜನಪ್ಪನವರು ಬಿಟ್ಟುಹೋದ ಅಕ್ಕಿ ಗಿರಣಿಯನ್ನು ನೋಡಿಕೊಳ್ಳುತ್ತ, ಅವರೇ ಬಿಟ್ಟುಹೋದ ಮಾರಿಸ್ ಮೈನರಿನಲ್ಲಿ ಓಡಾಡುತ್ತ, ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಮೋಟಾರು ಪತ್ರಿಕೆಗಳನ್ನು ಓದುತ್ತ ಇದ್ದವನು. ಗೆಲ್ಲುತ್ತೇನೆಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಒಂದು ದಿನ ರಾತ್ರಿ ಊಟದ ಹೊತ್ತಿನಲ್ಲಿ, ಮಾತಾಡಲು ಬೇರೇನೂ ತೋಚದೆ, ಅಲ್ಲಿಗೆ ಹೋಗಬೇಕೆಂದಿದ್ದೇನೆ ಅಂದ. ಜಯಶೀಲಾ ತಟ್ಟೆಯಿಂದ ತಲೆಯೆತ್ತಿ, “ನಾನೂ ಬರ್ತೀನಿ” ಅಂದಳು.

ಎಷ್ಟೋ ತಿಂಗಳಲ್ಲಿ ಅವಳು ಬೇಕೆಂದು ಕೇಳಿದ ಮೊದಲನೆಯದು ಅದು. ಆ ಮಾತಿನ ಮೇಲೆಯೇ ಅವನು ಕಾರನ್ನು ಬಿಚ್ಚಲು ಶುರುಮಾಡಿದ್ದು. ಮನೆಯಲ್ಲಿ ತಾಯಿ ಸುಭದ್ರಮ್ಮ ಯಾರನ್ನೂ ಗದರಿದವರಲ್ಲ. ಸೊಸೆ ಸ್ವಲ್ಪ ದಿನ ತವರಿನಲ್ಲಿದ್ದರೆ ಮನಸ್ಸು ಹಗುರವಾಗುತ್ತದೆ ಎಂದು ಮಾತ್ರ ಹೇಳುತ್ತಿದ್ದರು. ಹೊನ್ನಾಳಿ ಕಡೆಯ ನೆಂಟರು ಬಂದಾಗ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮಾತಾಡುತ್ತಿದ್ದರು. ಮುಚ್ಚಿದ ಬಾಗಿಲಿನ ಹಿಂದೆ ತನ್ನ ಜಾಗಕ್ಕೆ ಯಾವ ಮನೆಯ ಹುಡುಗಿಯ ಸುದ್ದಿ ನಡೆಯುತ್ತಿದೆಯೆಂದು ಜಯಶೀಲಾಳಿಗೂ ಗೊತ್ತಿತ್ತು. ಒಂದು ಸಲ ತವರಿಗೆ ಹೋದರೆ ತಿರುಗಿ ಬರಲು ಯಾರೂ ಕರೆಯುವುದಿಲ್ಲವೆಂದೂ ಗೊತ್ತಿತ್ತು. ಮದರಾಸಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಪರಮೇಶ್ವರಪ್ಪ ತಾಯಿಗೆ ಹೇಳಿದ ದಿನ ಆ ಬಾಗಿಲು ತೆರೆದೇ ಇತ್ತು, ತಾಯಿ ಒಳಗೆ ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಜಾಡಿಯಲ್ಲಿದ್ದದ್ದು ಹರಳೆಣ್ಣೆ. ಜಯಶೀಲಾ ಚೊಚ್ಚಲ ಹೆರಿಗೆಗೆ ಭದ್ರಾವತಿಯ ಹಳೇನಗರದ ತವರಿಗೆ ಹೋಗಿದ್ದಾಗ, ಅವಳ ತಾಯಿ ಈಶ್ವರಮ್ಮ ಬಾಣಂತಿಗೂ ಕೂಸಿಗೂ ಆಗಲೆಂದು ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು, ಚಟಪಟ ಸದ್ದು ಅಡಗುವವರೆಗೆ ಮತ್ತೆ ಕಾಯಿಸಿ ತುಂಬಿಟ್ಟಿದ್ದರು. ಕೂಸು ಹುಟ್ಟಿತು. ಅಳಲಿಲ್ಲ. ಶಿವಮೊಗ್ಗಕ್ಕೆ ಮರಳುವಾಗ ಕಾರಿನಲ್ಲಿ ಅವಳ ತೊಡೆಯ ಮೇಲೆ ಇದ್ದದ್ದು ಈ ಜಾಡಿ. ನಿನ್ನ ಮೈಗಾದರೂ ಹಚ್ಚಿಕೋ ಎಂದು ಈಶ್ವರಮ್ಮ ಕೊಟ್ಟಿದ್ದರು. ಅವಳು ಹಚ್ಚಿಕೊಳ್ಳಲಿಲ್ಲ, ಯಾರಿಗೂ ಕೊಡಲಿಲ್ಲ. ಬಚ್ಚಲುಮನೆಯ ಗೂಡಿನಲ್ಲಿ ಅದು ಕೂತಿತ್ತು. ಸ್ನಾನಕ್ಕೆ ಹೋದವರೆಲ್ಲ ಅದರತ್ತ ಬೆನ್ನು ಮಾಡಿ ನೀರು ಹೊಯ್ದುಕೊಳ್ಳುತ್ತಿದ್ದರು.

ರೇಸಿನ ಕಾರಿನ ಇಂಜಿನ್ನಿಗೆ ಹರಳೆಣ್ಣೆ ಹಾಕುತ್ತಾರೆಂದು ಪರಮೇಶ್ವರಪ್ಪ ಪತ್ರಿಕೆಯಲ್ಲಿ ಓದಿದ್ದ. ಎಷ್ಟು ಕಾದರೂ ತೆಳುವಾಗದ ಎಣ್ಣೆ, ಹೊಗೆಗೆ ಒಂದು ಸಿಹಿ ವಾಸನೆ ಬರುತ್ತದೆ ಎಂದು ಬರೆದಿತ್ತು. ಅದನ್ನು ರಂಗಪ್ಪನಿಗೆ ಹೇಳಿದಾಗ ಅವನು ಸ್ಪ್ಯಾನರು ಕೆಳಗಿಟ್ಟು, “ಕಾರೇನು ಬಾಣಂತಿನಾ ಮಾರಾಯ, ಹರಳೆಣ್ಣೆ ಕುಡ್ಸೋಕೆ?” ಅಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡು, ಕೈಗೆ ಸಿಕ್ಕ ಯಾವುದೋ ಬೋಲ್ಟನ್ನು ಬಹಳ ಹೊತ್ತು ಒರೆಸಿದ. ಇಬ್ಬರೂ ಒಂದೇ ಮಿಡ್ಲ್‌ಸ್ಕೂಲಿನಲ್ಲಿ ಓದಿದವರು. ಒಬ್ಬ ಗಿರಣಿಗೆ ಬಂದ, ಇನ್ನೊಬ್ಬ ಕಾರ್ಖಾನೆಯ ಮಿಷನ್ ಶಾಪಿಗೆ. ಅಂಥ ಮಾತಿಗೆ ಕ್ಷಮೆ ಕೇಳುವ ರೂಢಿ ಅವರಲ್ಲಿರಲಿಲ್ಲ.

ಪರಮೇಶ್ವರಪ್ಪ ಮನೆಯಲ್ಲಿ ಬಾಣಂತಿಯ ಮಾತು ಬಿಟ್ಟು ಉಳಿದದ್ದನ್ನು ಹೇಳಿದ. ಮಾರನೆಯ ದಿನ ಬೆಳಿಗ್ಗೆ ಜಯಶೀಲಾ ಜಾಡಿಯನ್ನು ಸೆರಗಿನಿಂದ ಒರೆಸಿ ತಂದು ಅವನ ಮುಂದೆ ಇಟ್ಟಳು.

“ಇದು ಆಗುತ್ತೇನ್ರೀ, ನೋಡಿ.”

ಮನೆಯಲ್ಲಿ ಕಾಯಿಸಿದ ಎಣ್ಣೆ ಆಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಆಗುತ್ತೆ ಅಂದ.

ಈಗ ಕಪ್ಪು ಎಣ್ಣೆಯ ಎಳೆ ಹನಿಗೆ ಬಂತು, ಹನಿಯೂ ನಿಂತಿತು. ರಂಗಪ್ಪ ತಿರುಪು ಬಿಗಿದು ಹೊರಗೆ ತೆವಳಿಬಂದ. ಜಯಶೀಲಾ ಎದ್ದು ಬಂದಳು. ತಾನೇ ಸುರಿಯುತ್ತೇನೆಂದಳು. ರಂಗಪ್ಪ ಲಾಳಿಕೆ ಹಿಡಿದ. ಬಟ್ಟೆ ಬಿಚ್ಚಿ ಅವಳು ಜಾಡಿಯನ್ನು ಬಗ್ಗಿಸಿದಾಗ ಎಣ್ಣೆ ಮಂದವಾಗಿ, ಹೊಂಬಣ್ಣವಾಗಿ, ಸದ್ದಿಲ್ಲದೆ ಇಳಿಯಿತು. ಜಾಡಿ ಬರಿದಾಯಿತು. ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಅರ್ಧಕ್ಕೂ ಬಂದಿರಲಿಲ್ಲ.

ಅವಳು ಜಾಡಿಯನ್ನು ತಲೆಕೆಳಗಾಗಿ ಹಿಡಿದುಕೊಂಡೇ ನಿಂತಳು. ಅಂಚಿನಲ್ಲಿ ಒಂದು ಹನಿ ಕೂಡಿಕೊಂಡು ಉದ್ದವಾಗಿ ಕೊನೆಗೂ ಕಳಚಿತು. ಇನ್ನೊಂದು ಕೂಡಿಕೊಳ್ಳತೊಡಗಿತು.

ಉಳಿದ ಅರ್ಧಕ್ಕೆ ಮಾಮೂಲಿ ಇಂಜಿನ್ ಆಯಿಲು ಹಾಕೋಣವೆಂದು ರಂಗಪ್ಪ ಡಬ್ಬಿ ಎತ್ತಿದ. ಪತ್ರಿಕೆಯಲ್ಲಿ ಆ ಲೇಖನದ ಕೊನೆಗೆ ದಪ್ಪಕ್ಷರದಲ್ಲಿ ಒಂದು ಸಾಲು ಇತ್ತು. ಎರಡನ್ನೂ ಬೆರೆಸಕೂಡದು, ಬೆರೆಸಿದರೆ ಒಡೆಯುತ್ತದೆ. ಪರಮೇಶ್ವರಪ್ಪ ಅದನ್ನು ಓದಿದ್ದ, ಈಗ ಅದು ನೆನಪಿಗೂ ಬಂತು. ಹೇಳಿದರೆ ಸುರಿದದ್ದನ್ನೆಲ್ಲ ಕೆಳಗಿನಿಂದ ಬಿಟ್ಟು ನೆಲಕ್ಕೆ ಚೆಲ್ಲಬೇಕು. ಹೆಂಡತಿ ಇನ್ನೂ ಎರಡನೆಯ ಹನಿಯನ್ನು ಕಾಯುತ್ತಿದ್ದಳು.

“ಬೆರೆಸಬಹುದಾ?” ಎಂದು ಮಾತ್ರ ಕೇಳಿದ.

“ಎಣ್ಣೆಗೆ ಎಣ್ಣೆ ಸೇರ್ದೆ ನೀರು ಸೇರುತ್ತಾ ಮಾರಾಯ?”

ಕಡಲೆಕಾಯಿಯದು, ಎಳ್ಳಿನದು, ಸೀಮೆಯದು, ಇಂಜಿನ್ನಿನದು, ಎಲ್ಲಕ್ಕೂ ಎಣ್ಣೆ ಎಂಬುದೊಂದೇ ಮಾತು. ದೀಪಕ್ಕೆ ಎರಡೆಣ್ಣೆ ಬೆರೆಸಿದರೆ ದೀಪ ಉರಿಯುವುದಿಲ್ಲವೇ? ಪರಮೇಶ್ವರಪ್ಪ ತಲೆಯಾಡಿಸಿದ. ರಂಗಪ್ಪ ಡಬ್ಬಿ ಬಗ್ಗಿಸಿದ.

ಇಂಜಿನ್ ಮೊದಲ ಸಲಕ್ಕೇ ಹತ್ತಿತು. ಸೈಲೆನ್ಸರಿಲ್ಲದ ಸದ್ದಿಗೆ ಸಾಲಿನ ನಾಯಿಗಳೆಲ್ಲ ಬೊಗಳಿದವು. ಸ್ವಲ್ಪ ಹೊತ್ತಿಗೆ ಹೊಗೆಯಲ್ಲಿ ಪತ್ರಿಕೆ ಹೇಳಿದ ವಾಸನೆ ಬಂತು. ಯಾವ ಮನೆಯಲ್ಲಾದರೂ ಎಳೆಗೂಸಿಗೆ ನೀರು ಹಾಕುವ ದಿನಗಳಲ್ಲಿ ಬಚ್ಚಲಿನಿಂದ ಬರುವ ವಾಸನೆ. ಮೂವರಿಗೂ ಅದರ ಗುರುತು ಹತ್ತಿತು. ರಂಗಪ್ಪ ಬಾನೆಟ್ಟು ಮುಚ್ಚಿ ಅಂಗೈಯಿಂದ ಒಂದು ಸಲ ತಟ್ಟಿ, “ಶಿವಮೊಗ್ಗ ಮುಟ್ಟೋವರ್ಗೂ ಚೆನ್ನಾಗಿ ಓಡ್ಸಿ ನೋಡು. ಅಕ್ಕಾರೆ, ಬಾಗ್ಲು ಗಟ್ಟಿಯಾಗಿ ಹಿಡ್ಕೊಳ್ಳಿ, ಅದರ ಚಿಲಕ ನಂಬಂಗಿಲ್ಲ” ಅಂದ.

ಊರು ದಾಟುವವರೆಗೆ ಪರಮೇಶ್ವರಪ್ಪ ನಿಧಾನವಾಗಿಯೇ ಹೋದ. ಎತ್ತಿನ ಗಾಡಿಗಳು, ಶಿಫ್ಟು ಮುಗಿಸಿ ಬರುವ ಸೈಕಲ್ಲುಗಳು. ಆಮೇಲೆ ರಸ್ತೆ ನೇರವಾಯಿತು. ಅವನು ಕಾಲು ಒತ್ತಿದ. ಹಗುರಾದ ಕಾರು ಜಿಗಿದಂತೆ ಮುಂದೆ ಹೋಯಿತು. ರಸ್ತೆಯ ಎರಡೂ ಬದಿಯ ಮರಗಳು ಒಂದಕ್ಕೊಂದು ಹತ್ತಿಕೊಂಡವು. ಬರಿದಾದ ಜಾಡಿ ಜಯಶೀಲಾಳ ಕಾಲ ಬಳಿ ಉರುಳಾಡುತ್ತಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಬಾಗಿಲ ಗಾಜು ಇಳಿಸಿ ಮುಖವನ್ನು ಗಾಳಿಗೆ ಕೊಟ್ಟಿದ್ದಳು. ತುರುಬು ಸಡಿಲವಾಗಿ ಕೂದಲು ಕಣ್ಣಿಗೆ, ಬಾಯಿಗೆ ಬೀಳುತ್ತಿತ್ತು.

“ಇಷ್ಟೇನಾ?” ಎಂದು ಕೂಗಿ ಕೇಳಿದಳು. “ಇನ್ನೂ ಜೋರಾಗಿ ಹೋಗಲ್ವಾ?”

ಅವನು ತಿರುಗಿ ನೋಡಿದ. ಅವಳು ನಗುತ್ತಿದ್ದಳು. ಮದುವೆಯ ಹೊಸತರಲ್ಲಿ ಗಾಜನೂರಿನ ಹೊಳೆಯಲ್ಲಿ ಕಾಲು ಜಾರಿ ಬಿದ್ದು ಸೀರೆಯೆಲ್ಲ ಒದ್ದೆಯಾಗಿ ಎದ್ದು ನಿಂತಾಗ ಹೀಗೆ ನಕ್ಕಿದ್ದಳು. ಅವನು ರಸ್ತೆಗೆ ಕಣ್ಣು ತಿರುಗಿಸುವಾಗ, ಎದುರಿನ ಫಲಕದಲ್ಲಿ ಎಣ್ಣೆಯ ಕೆಂಪು ದೀಪ ಒಂದು ಸಲ ಮಿನುಗಿ ಆರಿತು. ಮತ್ತೆ ಮಿನುಗಿತು. ತಂತಿ ಸಡಿಲವಾಗಿರಬೇಕು ಅಂದುಕೊಂಡ. ಅಲ್ಲವೆಂದೂ ಗೊತ್ತಿತ್ತು. ಈಗ ಕಾಲು ಎತ್ತಿದರೆ ಆ ನಗು ನಿಲ್ಲುತ್ತದೆ. ಅವನು ಎತ್ತಲಿಲ್ಲ. ಮೀಟರಿನ ಮುಳ್ಳು ಅವನು ಎಂದೂ ಕಾಣದ ಕಡೆಗೆ ಹೋಗುತ್ತಿತ್ತು. ದೀಪ ಮಿನುಗುವುದನ್ನು ಬಿಟ್ಟು ಉರಿಯತೊಡಗಿತು.

ಮಲವಗೊಪ್ಪ ಬರುವಷ್ಟರಲ್ಲಿ ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತಾಯಿತು. ಮತ್ತೆ ಬಡಿಯಿತು. ಅನಂತರ ಬಿಡದೆ ಬಡಿಯಿತು. ಆಮೇಲೆ ಎಲ್ಲವೂ ಒಂದೇ ಸಲಕ್ಕೆ ಹಿಡಿದುಕೊಂಡು, ಚಕ್ರಗಳು ಕೀಚಲು ಸದ್ದಿನೊಂದಿಗೆ ಎಳೆದಾಡಿ, ಕಾರು ರಸ್ತೆಯ ಬದಿಯ ಮಣ್ಣಿನಲ್ಲಿ ಅಡ್ಡಡ್ಡಲಾಗಿ ನಿಂತಿತು.

ಗದ್ದೆಯಿಂದ ಕೊಕ್ಕರೆಗಳು ಎದ್ದು, ಮತ್ತೆ ಅಲ್ಲೇ ಇಳಿದವು. ಪರಮೇಶ್ವರಪ್ಪ ಇಳಿದು ಬಾನೆಟ್ಟು ಎತ್ತಿದ. ಬಿಸಿ ಮುಖಕ್ಕೆ ಹೊಡೆಯಿತು. ಅಳತೆಯ ಕಡ್ಡಿಯನ್ನು ಬಟ್ಟೆಯಲ್ಲಿ ಹಿಡಿದು ಎಳೆದ. ಅದಕ್ಕೆ ಅಂಟಿಕೊಂಡು ಬಂದದ್ದು ಎಣ್ಣೆಯಾಗಿರಲಿಲ್ಲ. ಒಡೆದ ಮಜ್ಜಿಗೆಯ ಹಾಗೆ, ಬೂದುಬಣ್ಣದ ಗಂಟುಗಂಟು.

ಜಯಶೀಲಾ ಬಂದು ಪಕ್ಕದಲ್ಲಿ ನಿಂತಿದ್ದಳು. ಏನಾಯಿತೆಂದು ಕೇಳಿದಳು. ಬೇರಿಂಗು ಸುಟ್ಟುಹೋಗಿದೆ, ಇಂಜಿನ್ ಹಿಡಿದುಕೊಂಡಿದೆ ಅಂದ. ಭಾನುವಾರಕ್ಕೆ ಆಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲವೆಂದು ಅವನು ತಲೆಯಾಡಿಸಿದ. ಅವಳು ಬೆರಳಿನಿಂದ ಕಡ್ಡಿಯ ತುದಿಯ ಗಂಟನ್ನು ಮುಟ್ಟಿ, ಎರಡು ಬೆರಳುಗಳ ನಡುವೆ ಹೊಸಕಿ ನೋಡಿದಳು.

“ನಾನು ಮುಟ್ಟಿದ್ದು ಯಾವುದೂ ಉಳಿಯಲ್ಲ ಅಲ್ವಾ?”

ಡಬ್ಬಿಯಲ್ಲಿ ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ ಅಂದಳು. ಅಳುತ್ತಿರಲಿಲ್ಲ. ಅವನ ಮುಖವನ್ನು ನೋಡುತ್ತಿದ್ದಳು. ಅವನಿಗೆ ಹೇಳಬೇಕಾದದ್ದು ಸ್ಪಷ್ಟವಾಗಿ ಗೊತ್ತಿತ್ತು. ಎರಡೆಣ್ಣೆ ಬೆರೆಸಬಾರದೆಂದು ನಾನು ಓದಿದ್ದೆ, ನಾನೇ ಬೆರೆಸಲು ಬಿಟ್ಟೆ, ದೀಪ ಉರಿದರೂ ನಾನೇ ಓಡಿಸಿದೆ. ಮೂರು ಸಣ್ಣ ಮಾತುಗಳು. ಆದರೆ ಆ ಗಳಿಗೆಯಲ್ಲಿ ಅವನ ಮನಸ್ಸು ಇಂಜಿನ್ನಿನೊಳಗೆ ಇತ್ತು. ಯಾವುದು ಉಳಿದಿರಬಹುದು, ರಂಗಪ್ಪನ ಲೇತಿನಲ್ಲಿ ಯಾವುದನ್ನು ಕೊರೆಯಬಹುದು ಎಂದು ತಡಕಾಡುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅವಳು ಅಂದದ್ದು, ಒಂದೇ ಒಂದು ಉಸಿರಿನ ಹೊತ್ತು, ಅವನಿಗೂ ನಿಜವೆನ್ನಿಸಿತು. ಅದು ಅವನ ಮುಖಕ್ಕೆ ಬಂದಿರಬೇಕು.

“ಹಂಗಲ್ಲ ಕಣೇ, ಅದು ನಾನೇ...”

“ಬಿಡಿ” ಅಂದಳು.

ಬೆರಳುಗಳನ್ನು ರಸ್ತೆಬದಿಯ ಹುಲ್ಲಿಗೆ ಒರೆಸಿಕೊಂಡಳು. ಅವನು ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದ. ಪತ್ರಿಕೆಯ ಸಾಲನ್ನು ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಹೇಳಿ ಅರ್ಥವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಹೂಂ ಅಂದಳು. ದಾರಿ ಹೇಳಿಕೊಟ್ಟವನಿಗೆ, ತಿಳಿಯದಿದ್ದರೂ, ಅನ್ನುವ ಹೂಂ. ಅವನು ಇನ್ನೊಂದು ಸಲ ಮೊದಲಿನಿಂದ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದ.

ಭದ್ರಾವತಿಯಲ್ಲಿ ಹುಲ್ಲು ಇಳಿಸಿ ಬರಿದಾಗಿ ಮರಳುತ್ತಿದ್ದ ಗಾಡಿಯೊಂದು ನಿಂತಿತು. ಗಾಡಿಯವನ ಹೆಸರು ಬೀರಪ್ಪ, ಶಿವಮೊಗ್ಗದ ತುಂಗಾ ಹೊಳೆ ದಂಡೆಯವನು. ಕಾರನ್ನು ಒಂದು ಸುತ್ತು ಹಾಕಿ, ಇದಕ್ಕೆ ಎಷ್ಟು ಕುದುರೆಯ ಶಕ್ತಿ ಎಂದು ಕೇಳಿ ತಿಳಿದುಕೊಂಡ.

“ಕುದ್ರೆ ಎಷ್ಟಿದ್ರೇನು ಸ್ವಾಮಿ, ಕೊನೀಗೆ ಎತ್ತೇ ಬೇಕು” ಅಂದ.

ಹಗ್ಗವನ್ನು ಗಾಡಿಯ ಅಚ್ಚಿಗೂ ಕಾರಿನ ಮುಂಭಾಗಕ್ಕೂ ಬಿಗಿದ. ಗೇರು ಬಿಡಿಸಿ, ಕಾರಿನಲ್ಲಿ ಒಬ್ಬರು ಕೂತು ಸ್ಟೇರಿಂಗು ಹಿಡಿಯಬೇಕು, ಇಳಿಜಾರಿನಲ್ಲಿ ಬ್ರೇಕು ಒತ್ತಬೇಕು, ಇಲ್ಲದಿದ್ದರೆ ಕಾರು ಗಾಡಿಯ ಮೇಲೇ ಬರುತ್ತದೆ ಎಂದು ಪರಮೇಶ್ವರಪ್ಪನಿಗೇ ಹೇಳಿಕೊಟ್ಟ. ಜಯಶೀಲಾ ಕಾರಿನ ಬಾಗಿಲ ತನಕ ಬಂದಳು. ಒಳಗೆ ನೋಡಿದಳು. ಆಮೇಲೆ ಗಾಡಿಯ ಹಿಂಬದಿಗೆ ಹೋಗಿ, ಬೀರಪ್ಪ ಕೈಕೊಡುವ ಮೊದಲೇ ಹತ್ತಿ, ಉದುರು ಹುಲ್ಲಿನ ಮೇಲೆ ಹಿಮ್ಮುಖವಾಗಿ ಕೂತಳು. ಶಿವಮೊಗ್ಗದಿಂದ ಭದ್ರಾವತಿಯ ಹಳೇನಗರಕ್ಕೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಬೀರಪ್ಪನನ್ನು ವಿಚಾರಿಸುವುದು ಕೇಳಿಸಿತು. ದೀಪ ಹಚ್ಚುವ ಹೊತ್ತಿಗೆ ಒಂದಿದೆ, ಸಿಗುತ್ತೆ ತಾಯಿ ಎಂದು ಅವನು ಹೇಳಿದ.

ಎತ್ತುಗಳು ಎಳೆದವು. ಹಗ್ಗ ನೆಟ್ಟಗಾಗಿ ಕಾರು ನಿಧಾನವಾಗಿ ಮಣ್ಣಿನಿಂದ ಮೇಲೆ ಬಂತು. ಗಾಜಿನ ಈಚೆ ಅವನು, ಆಚೆ ಅವಳು, ಎದುರುಬದುರು. ಅವಳು ಅವನನ್ನು ನೋಡುತ್ತಿರಲಿಲ್ಲ. ಕಾರಿನ ಮಾಡಿನ ಮೇಲಿಂದ, ಬಂದ ರಸ್ತೆಯನ್ನು ನೋಡುತ್ತಿದ್ದಳು. ಏರಿನಲ್ಲಿ ಹಗ್ಗ ಬಿಗಿದು ನಡುಗುತ್ತಿತ್ತು. ಮುಂದೆ ಇಳಿಜಾರು ಬಂದಾಗ ಹಗ್ಗ ಸಡಿಲಗೊಂಡು ನೆಲಕ್ಕೆ ತಾಗಿ, ಕಾರು ತಾನಾಗಿಯೇ ಅವಳತ್ತ ಸರಿಯತೊಡಗಿತು. ಅವಳ ಪಾದದ ಹುಲ್ಲಿನ ಎಸಳು, ಕೈಯುಗುರಿನ ಅಂಚಿನ ಬೂದು ಎಣ್ಣೆ ಕಾಣಿಸುವಷ್ಟು ಹತ್ತಿರವಾಯಿತು. ಅವನು ಬ್ರೇಕು ಒತ್ತಿದ. ಗಾಡಿ ಮುಂದೆ ಹೋಯಿತು, ಹಗ್ಗ ಮತ್ತೆ ನೆಟ್ಟಗಾಯಿತು.