ಒಂದು ಕಳೆಯಿರಿ

ಆ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಹೆಸರು ‘ಅರ್ಧ ಮಾರ್ಕು’. ಕೊಡುವಾಗ ಅರ್ಧ ಮಾರ್ಕಿಗೂ ಜೀವ ಹೋದವರಂತೆ ಆಡುತ್ತಾರೆ, ಕಳೆಯುವಾಗ ಮಾತ್ರ ಕೈ ಧಾರಾಳ ಎಂಬುದು ಅದರ ತಾತ್ಪರ್ಯ. ಮೇಷ್ಟ್ರಿಗೆ ಇದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಇಪ್ಪತ್ತಾರು ವರ್ಷ ಪಾಠ ಮಾಡಿದವರಿಗೆ ಮಕ್ಕಳು ಹಿಂದಿನಿಂದ ಕರೆಯುವ ಹೆಸರೊಂದೂ ಇಲ್ಲದಿದ್ದರೆ ಅದೆಂಥ ಮೇಷ್ಟ್ರಗಿರಿ?

ಎಲ್ಲ ಸರ್ಕಾರಿ ಶಾಲೆಗಳ ಹತ್ತನೇ ತರಗತಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯಲ್ಲಿ ನಡೆಯುವ ಏಕರೂಪ ಪರೀಕ್ಷೆಯ ಫಲಿತಾಂಶ ಬಂದದ್ದು ಒಂದು ಸೋಮವಾರ. ಹೆಡ್ಮೇಡಂ ಕಂಪ್ಯೂಟರಿನ ಮುಂದೆ ಕೂತು ಶಾಲೆಗಳ ಪಟ್ಟಿಯನ್ನು ಕೆಳಗಿಳಿಸುತ್ತ ಬಂದರು. ತಮ್ಮ ಶಾಲೆಯ ಎದುರು ಅಂಕಿ ಇರಬೇಕಾದ ಜಾಗದಲ್ಲಿ ‘ತಡೆಹಿಡಿಯಲಾಗಿದೆ’ ಎಂದಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕನ್ನಡಕದ್ದೇನೂ ತಪ್ಪಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಪರೀಕ್ಷಾ ಕಚೇರಿಯಿಂದ ತನಿಖಾಧಿಕಾರಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಮ್ಮಿ, ಕೊಟ್ಟ ಚಹಾ ಕುಡಿಯದೆ ಪಕ್ಕಕ್ಕೆ ಸರಿಸಿ ಒಂದು ಹಾಳೆ ಹರಡಿದರು.

“ನಿಮ್ಮಲ್ಲಿ ಪರೀಕ್ಷೆ ಬರೆದವರು ನಲವತ್ತೊಂದು ಮಕ್ಕಳು. ವಿಜ್ಞಾನದಲ್ಲಿ ಎಂಟು, ಒಂಬತ್ತು, ಇಪ್ಪತ್ತೊಂದು, ಈ ಮೂರು ಪ್ರಶ್ನೆ ನೋಡಿ. ಆರಿಸೋ ಪ್ರಶ್ನೆಗಳಲ್ಲ, ಉತ್ತರಾನ ಅಂಕಿಯಲ್ಲಿ ತುಂಬೋವು. ಮೂವತ್ತೆಂಟು ಜನ ಮೂರಕ್ಕೂ ತಪ್ಪು ಬರ್ದಿದಾರೆ.”

“ತಪ್ಪು ಬರೆಯೋದೇನು ಅಪರಾಧಾನಾ?” ಎಂದರು ಹೆಡ್ಮೇಡಂ.

“ಅಲ್ಲ. ಮೂವತ್ತೆಂಟು ಜನ ಒಂದೇ ತಪ್ಪು ಬರೆಯೋದು ಅಪರಾಧ. ಬೇರೆ ಯಾವ ಶಾಲೆಯಲ್ಲೂ ಈ ಉತ್ತರ ಇಲ್ಲ. ಯಾರೋ ಹೇಳಿದಾರೆ, ಎಲ್ಲರೂ ಬರ್ಕೊಂಡಿದಾರೆ. ಹೇಳಿದವರಿಗೂ ಸರಿ ಉತ್ತರ ಗೊತ್ತಿರಲಿಲ್ಲ, ಅಷ್ಟೆ.” ಅಧಿಕಾರಿ ಇದನ್ನು ಹೇಳುವಾಗ ಮೇಷ್ಟ್ರ ಮುಖ ನೋಡಿದರು. “ಶುಕ್ರವಾರಕ್ಕೆ ಕಾಲೇಜಿನ ಅರ್ಜಿ ಮುಗಿಯುತ್ತೆ. ಗುರುವಾರ ಸಂಜೆ ನನ್ನ ವರದಿ ಹೋಗ್ಬೇಕು. ಸಾಮೂಹಿಕ ನಕಲು ಅಂತ ಬರೆದ್ರೆ ಈ ವರ್ಷ ಇವರಲ್ಲಿ ಒಬ್ಬರಿಗೂ ಎಲ್ಲೂ ಸೀಟಿಲ್ಲ.”

ಮೇಷ್ಟ್ರ ಮೈ ಉರಿದುಹೋಯಿತು. ಸಿಟ್ಟು ಅಧಿಕಾರಿಯ ಮೇಲಲ್ಲ, ಮಕ್ಕಳ ಮೇಲೆ. ಫಲಿತಾಂಶ ಕೇಳಲು ಬಂದು ಮೈದಾನದಲ್ಲಿ ಗುಂಪುಗಟ್ಟಿದ್ದವರನ್ನೆಲ್ಲ ಪ್ರಯೋಗಾಲಯಕ್ಕೆ ಕರೆದು ಬಾಗಿಲು ಹಾಕಿದರು.

“ಯಾರು ಶುರು ಮಾಡಿದ್ದು? ಹೆಸರು ಹೇಳಿ. ಇಷ್ಟು ವರ್ಷದಲ್ಲಿ ನನ್ನ ಹತ್ರ ಯಾರೂ ಬಾಲ ಬಿಚ್ಚಿಲ್ಲ.”

ಹಿಂದಿನ ಸಾಲಿನಲ್ಲಿ ಒಬ್ಬ ಅಳತೊಡಗಿದ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಶಾಲೆಯ ಎದುರಿನ ಇಸ್ತ್ರಿ ಅಂಗಡಿಯವಳ ಮಗಳು. ಮನೆಯಲ್ಲಿ ಹತ್ತನೇ ತರಗತಿಯ ತನಕ ಬಂದವಳು ಇವಳೇ ಮೊದಲು. ಕಾಲೇಜು ಸೇರುವುದಕ್ಕೆ ಬೇಕಾದ ಫೋಟೋವನ್ನು ಮೂರು ತಿಂಗಳು ಮೊದಲೇ ತೆಗೆಸಿಟ್ಟುಕೊಂಡವಳು.

“ಸಾರ್, ನಾವು ನೀವು ಹೇಳ್ಕೊಟ್ಟ ಹಾಗೇ ಬರೆದ್ವಿ.”

“ತಪ್ಪು ಬರೀರಿ ಅಂತ ಹೇಳ್ಕೊಟ್ಟಿದ್ನಾ ನಾನು? ಕೂತ್ಕೋ.”

ಅವಳು ಕೂತಳು. ಮೇಷ್ಟ್ರು ಇನ್ನೂ ಹತ್ತು ನಿಮಿಷ ಕೂಗಾಡಿ, ಗಂಟಲು ಕಟ್ಟಿದ ಮೇಲೆ ಎಲ್ಲರನ್ನೂ ಮನೆಗೆ ಕಳಿಸಿದರು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತು ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡರು. ಮಕ್ಕಳಿಗೆ ಅಂಥ ದಡ್ಡ ಉತ್ತರವನ್ನು ಯಾರು ಹೇಳಿರಬಹುದು ಎಂದು ಕಂಡುಹಿಡಿಯುವ ಹಟ. ಎಂಟನೇ ಪ್ರಶ್ನೆಯಲ್ಲಿ ಒಂದು ಸೂಜಿಯ ಚಿತ್ರ, ಅದರ ಕೆಳಗೆ ಒಂದು ಅಳತೆಪಟ್ಟಿ. ಸೂಜಿಯ ಉದ್ದ ಎಷ್ಟು ಸೆಂಟಿಮೀಟರ್? ಮೇಷ್ಟ್ರು ಪಕ್ಕದಲ್ಲಿ ೫.೪ ಎಂದು ಬರೆದರು. ಒಂಬತ್ತರಲ್ಲಿ ಮೇಣದಬತ್ತಿಗೂ ಮಸೂರಕ್ಕೂ ನಡುವಿನ ದೂರ, ೨೨. ಇಪ್ಪತ್ತೊಂದರಲ್ಲಿ ತೂಕ ಕಟ್ಟಿದ ಸ್ಪ್ರಿಂಗಿನ ಉದ್ದ, ೧೦.೮. ಇಷ್ಟು ಸುಲಭದ್ದನ್ನು ತಪ್ಪು ಮಾಡಿದ್ದಾರಲ್ಲ ಎಂದುಕೊಂಡು ಅಧಿಕಾರಿ ಬಿಟ್ಟುಹೋಗಿದ್ದ ಹಾಳೆ ತೆಗೆದು ಸರಿ ಉತ್ತರ ನೋಡಿದರು. ೬.೪. ೨೩. ೧೧.೮.

ಮೂವತ್ತೆಂಟು ಮಕ್ಕಳು ಬರೆದ ತಪ್ಪನ್ನೇ ಅವರೂ ಬರೆದಿದ್ದರು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಪ್ರಯೋಗಾಲಯದ ಕಪಾಟಿನಲ್ಲಿ ಇಪ್ಪತ್ತು ಮರದ ಅಳತೆಪಟ್ಟಿಗಳಿದ್ದವು, ಅರ್ಧ ಮೀಟರಿನವು. ಒಂಬತ್ತು ವರ್ಷದ ಹಿಂದೆ ಕಪಾಟಿನ ಹಿಂದಿನ ಗೋಡೆ ಸೋರಿ ಅಷ್ಟೂ ಪಟ್ಟಿಗಳ ತುದಿ ಕೊಳೆತಿತ್ತು. ಹೊಸವನ್ನು ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಮೇಷ್ಟ್ರು ಒಂದು ಭಾನುವಾರ ಗರಗಸ ತಂದು, ಪ್ರತಿ ಪಟ್ಟಿಯನ್ನೂ ಸರಿಯಾಗಿ ಒಂದರ ಗೆರೆಯ ಮೇಲೆ ಕತ್ತರಿಸಿ, ಉಜ್ಜಿ ನಯ ಮಾಡಿಟ್ಟರು. ಅಂದಿನಿಂದ ಆ ಶಾಲೆಯ ಪಟ್ಟಿಗಳು ಸೊನ್ನೆಯಿಂದಲ್ಲ, ಒಂದರಿಂದ ಶುರುವಾಗುತ್ತವೆ. ಮೊದಲ ವರ್ಷ ಮಕ್ಕಳಿಗೆ ಎಲ್ಲವನ್ನೂ ವಿವರಿಸಿದ್ದರು. ಎರಡನೆಯ ವರ್ಷ ಅರ್ಧ ವಿವರಿಸಿದರು. ಆಮೇಲೆ ಸಮಯವೆಲ್ಲಿ? ವಿವರಣೆ ಉದುರಿಹೋಗಿ ಬೋರ್ಡಿನ ಮೂಲೆಯಲ್ಲಿ ಬಿಳಿ ಬಣ್ಣದ ಅಕ್ಷರ ಮಾತ್ರ ಉಳಿಯಿತು: ಓದಿ, ಒಂದು ಕಳೆಯಿರಿ. ಕಳೆಯದವರಿಗೆ ಅರ್ಧ ಮಾರ್ಕು ಖೋತಾ.

ಮೇಷ್ಟ್ರು ಗಣಿತದ ಮೇಡಂ ಹತ್ತಿರ ಓಡಿದರು.

“ನಿಮ್ಮ ಪೀರಿಯಡ್ಡಲ್ಲಿ ಮಕ್ಕಳು ಸ್ಕೇಲಲ್ಲಿ ಅಳೆದು ಒಂದು ಕಳೀತಾರಾ?”

“ಕಳೆಯಲ್ಲಪ್ಪ. ಒಂದ್ಸಲ ಕೇಳಿದ್ದೆ. ಗಣಿತದಲ್ಲಿ ಕಳೆಯಂಗಿಲ್ಲ ಮೇಡಂ, ವಿಜ್ಞಾನದಲ್ಲಿ ಮಾತ್ರ ಕಳೀಬೇಕು ಅಂದ್ರು. ನಿಮ್ಮದೇನೋ ದೊಡ್ಡ ಸೂತ್ರ ಇರ್ಬೇಕು ಅಂತ ಸುಮ್ಮನಾದೆ.” ಗಣಿತದ ಮೇಡಂ ನಕ್ಕರು. ಮೇಷ್ಟ್ರಿಗೆ ನಗು ಬರಲಿಲ್ಲ.

ಹೆಡ್ಮೇಡಂ ಎಲ್ಲ ಕೇಳಿಸಿಕೊಂಡರು. ಆಮೇಲೆ ಬೀರುವಿನಿಂದ ಪ್ರಯೋಗಾಲಯದ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತು ವರ್ಷವೂ ‘ಎಲ್ಲ ಉಪಕರಣಗಳು ಸುಸ್ಥಿತಿಯಲ್ಲಿವೆ’ ಎಂಬ ಸಾಲು, ಕೆಳಗೆ ಮೇಷ್ಟ್ರ ಗುಂಡು ಸಹಿ.

“ಇದನ್ನೂ ತೋರಿಸ್ಬೇಕಾಗುತ್ತೆ. ಸುಳ್ಳು ದಾಖಲೆ ಅಂತಾರೆ. ಸಸ್ಪೆಂಡ್ ಮಾಡಿ ಮನೇಲಿ ಕೂರಿಸಿಬಿಟ್ರೆ?”

“ಕೂರಿಸ್ಲಿ ಬಿಡಿ.” ಮೇಷ್ಟ್ರು ರಿಜಿಸ್ಟರ್ ಮುಚ್ಚಿದರು. “ಬೆಳಿಗ್ಗೆ ಆ ಮಕ್ಕಳನ್ನ ಕಳ್ಳರು ಅಂದುಬಿಟ್ಟೆ ಮೇಡಂ. ಅವರು ತಲೆ ತಗ್ಗಿಸಿ ಕೇಳಿಸ್ಕೊಂಡ್ರು.”

ಬುಧವಾರ ಪ್ರಯೋಗಾಲಯದಲ್ಲಿ ಅಧಿಕಾರಿ ಕತ್ತರಿಸಿದ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ರಿಜಿಸ್ಟರಿನ ಸಹಿಗಳನ್ನೂ ನೋಡಿದರು.

“ಕಥೆ ಚೆನ್ನಾಗಿದೆ. ಆದ್ರೆ ಪಟ್ಟಿಗಳನ್ನ ನಿನ್ನೆ ಸಂಜೆ ಕತ್ತರಿಸಿರಬಹುದಲ್ಲ?”

ಮೇಷ್ಟ್ರು ಕಪಾಟಿನಿಂದ ಉಳಿದ ಪಟ್ಟಿಗಳನ್ನೂ ತಂದು ಮೇಜಿನ ಮೇಲೆ ಹರಡಿದರು. ಅಧಿಕಾರಿ ಸ್ವಲ್ಪ ಯೋಚಿಸಿ ಹೇಳಿದರು. “ಒಂದು ಕೆಲಸ ಮಾಡೋಣ. ನಾಳೆ ನಾನೇ ಒಂದು ಹೊಸ ಪಟ್ಟಿ ತರ್ತೀನಿ, ಸೊನ್ನೆ ಇರೋದು. ಆ ಮೂವತ್ತೆಂಟು ಜನರಲ್ಲಿ ಚೀಟಿ ಎತ್ತಿ ಐದು ಮಕ್ಕಳನ್ನ ಒಬ್ಬೊಬ್ಬರಾಗಿ ಇಲ್ಲಿಗೇ ಕರೆಸ್ತೀನಿ. ನೀವು ಅಳೆಯೋಕೆ ಹೇಳಿ, ಯಾವತ್ತೂ ಹೇಳೋ ಹಾಗೆ. ಅಷ್ಟೆ, ಆಮೇಲೆ ತುಟಿ ಬಿಚ್ಚಂಗಿಲ್ಲ. ಐದು ಜನಾನೂ ಒಂದು ಕಳೆದ್ರೆ ಇದು ಅಭ್ಯಾಸ ಅಂತ ನಂಬ್ತೀನಿ. ಒಬ್ಬರು ಸರಿ ಹೇಳಿದ್ರೂ ನಕಲು ಅಂತಾನೇ ಬರೀತೀನಿ. ಮಕ್ಕಳಿಗೆ ಮೊದಲೇ ಹೇಳ್ಕೊಡ್ತೀರಾ ಅನ್ನೋದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟಿದ್ದು.”

ಮೇಷ್ಟ್ರು ಮಕ್ಕಳಿಗೆ ಏನೂ ಹೇಳಲಿಲ್ಲ. ಮನೆಯಲ್ಲಿ ಹೆಂಡತಿ “ಒಂದು ಮಾತು ಕಿವಿಗೆ ಹಾಕಿದ್ರೆ ಏನು ಗಂಟು ಹೋಗುತ್ತೆ, ನಿಜಾನೇ ತಾನೆ?” ಎಂದಾಗ, “ತಪ್ಪು ಹೇಳೋಕೆ ಇನ್ನೊಂದ್ಸಲ ಹೇಳ್ಕೊಡ್ಲಾ?” ಎಂದು ರೇಗಿ, ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಗುರುವಾರ ಹತ್ತು ಗಂಟೆಗೆ ಮಕ್ಕಳೆಲ್ಲ ಹೊರಗಿನ ಜಗಲಿಯಲ್ಲಿ ಕೂತರು. ಬೋರ್ಡಿನ ಮೂಲೆಯ ಬಿಳಿ ಅಕ್ಷರದ ಮೇಲೆ ಅಧಿಕಾರಿ ಒಂದು ನಕ್ಷೆ ತೂಗುಹಾಕಿ ಮುಚ್ಚಿದ್ದರು. ಮೇಜಿನ ಮೇಲೆ ಒಂದು ತಾಮ್ರದ ಸಲಾಕೆ, ಪಕ್ಕದಲ್ಲಿ ಹೊಳೆಯುವ ಹೊಸ ಪಟ್ಟಿ. ಸಲಾಕೆಯ ಉದ್ದ ಹದಿನಾಲ್ಕು ಸೆಂಟಿಮೀಟರ್.

ಮೊದಲು ಬಂದವನು ಮಂಗಳವಾರ ಅತ್ತಿದ್ದ ಹುಡುಗ. ಪಟ್ಟಿ ಇಟ್ಟ, ಬಗ್ಗಿದ, “ಹದಿಮೂರು” ಎಂದ. ಎರಡನೆಯವಳು ಹದಿಮೂರು. ಮೂರನೆಯವನೂ ಹದಿಮೂರೇ. ಮೇಷ್ಟ್ರು ಕಿಟಕಿಗೆ ಒರಗಿ, ಬೆನ್ನ ಹಿಂದೆ ಕೈ ಬಿಗಿದು ನಿಂತಿದ್ದರು. ಇಪ್ಪತ್ತಾರು ವರ್ಷ ಮಕ್ಕಳು ಸರಿ ಹೇಳಲಿ ಎಂದು ಹಾರೈಸಿದವರು ಇವತ್ತು ತಪ್ಪು ಹೇಳಲಪ್ಪ ಎಂದು ಕಾಣದ ದೇವರಿಗೆಲ್ಲ ಹರಕೆ ಹೊರುತ್ತಿದ್ದರು. ಪ್ರತಿ ಹದಿಮೂರಕ್ಕೂ ಉಸಿರು ಹಗುರವಾಗುತ್ತಿತ್ತು, ಅದರ ಬೆನ್ನಿಗೇ ನಾಚಿಕೆಯಿಂದ ಮುಖ ಬಿಸಿಯಾಗುತ್ತಿತ್ತು. ನಾಲ್ಕನೆಯವನು ಸಲಾಕೆಯನ್ನು ಎರಡು ಸಲ ಅಳೆದು, ಬೆರಳು ಮಡಿಸಿ ಎಣಿಸಿ, ಕೊನೆಗೂ ಹದಿಮೂರು ಎಂದು ಹೇಳಿ ಹೋದ.

ಐದನೆಯ ಚೀಟಿ ಇಸ್ತ್ರಿ ಅಂಗಡಿಯವಳ ಮಗಳದು.

“ಸಲಾಕೆ ಉದ್ದ ಅಳೆದು ಹೇಳಮ್ಮ” ಎಂದರು ಮೇಷ್ಟ್ರು.

ಅವಳು ಪಟ್ಟಿ ಎತ್ತಿಕೊಂಡಳು. ಇಡುವ ಮೊದಲು ಅದರ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. ಅಲ್ಲಿ ಸೊನ್ನೆ ಇತ್ತು. ಅವಳ ಕಣ್ಣು ಸೊನ್ನೆಯ ಮೇಲೆ ನಿಂತಿತು. ಸಲಾಕೆಯ ಪಕ್ಕ ಇಟ್ಟು ಓದಿದಳು, ತುಟಿ ಅಲುಗಿತು. ಮತ್ತೆ ಸೊನ್ನೆ ನೋಡಿದಳು. ಆಮೇಲೆ ತಲೆಯೆತ್ತಿ ಮೇಷ್ಟ್ರ ಕಡೆ ತಿರುಗಿದಳು.

“ಕಳೀಲಾ ಸಾರ್?”

ಅಧಿಕಾರಿ ಪೆನ್ನು ಎತ್ತಿ ಮೇಷ್ಟ್ರ ಕಡೆ ನೋಡಿದರು. ಬೇಡಮ್ಮ, ನೀನು ನೋಡಿದ್ದೇ ಸರಿ ಎಂಬ ಮಾತು ಗಂಟಲಿನ ತನಕ ಬಂತು. ಅದನ್ನು ಆಡಿದರೆ ನಲವತ್ತೊಂದು ಮಕ್ಕಳ ವರ್ಷ ಮಣ್ಣುಪಾಲು, ಇವಳದೂ ಸೇರಿ. ಮೇಷ್ಟ್ರು ಹಲ್ಲು ಕಚ್ಚಿ ನಿಂತರು. ತಲೆ ಅಲ್ಲಾಡಿಸಲಿಲ್ಲ, ಕಣ್ಣು ಮಿಟುಕಿಸಲೂ ಹೆದರಿದರು. ಪಾಠ ಮಾಡಿದ ಇಷ್ಟು ವರ್ಷದಲ್ಲಿ ಮಗುವೊಂದು ಸರಿಯಾದ ಪ್ರಶ್ನೆ ಕೇಳಿದಾಗ ಹೀಗೆ ಕಲ್ಲಾಗಿ ನಿಂತದ್ದು ಇದೇ ಮೊದಲು.

ಹುಡುಗಿ ಸ್ವಲ್ಪ ಹೊತ್ತು ಕಾದಳು.

“ಹದಿಮೂರು” ಎಂದಳು.

ಅಧಿಕಾರಿ ಬರೆದುಕೊಂಡು ಹಾಳೆ ಮಡಿಸಿದರು. “ನಕಲಲ್ಲ. ಸಂಜೆ ಫಲಿತಾಂಶ ಬಿಡ್ತಾರೆ. ಆದ್ರೆ ಆ ಮೂರು ಉತ್ತರ ತಪ್ಪು ತಪ್ಪೇ, ಮಾರ್ಕು ಬರಲ್ಲ. ರಿಜಿಸ್ಟರ್ ವಿಷಯ ಬೇರೆ ವರದಿಯಲ್ಲಿ ಹೋಗುತ್ತೆ, ನಿಮ್ಮಿಂದ ವಿವರಣೆ ಕೇಳ್ತಾರೆ.” ತಂದಿದ್ದ ಹೊಸ ಪಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಹೊರಗೆ ಹೆಡ್ಮೇಡಂ ಸುದ್ದಿ ಹೇಳಿದಾಗ ಜಗಲಿಯೇ ಎದ್ದು ಕುಣಿದಂತೆ ಸದ್ದಾಯಿತು. ಹುಡುಗಿಯೂ ಓಡಲು ಹೊರಟಿದ್ದಳು. ಮೇಷ್ಟ್ರು ಕರೆದರು.

“ನಿಲ್ಲಮ್ಮ. ಆ ಪಟ್ಟಿಯಲ್ಲಿ ಸೊನ್ನೆ ಇದ್ದಿದ್ದು ನೋಡ್ದೆ ಅಲ್ವಾ?”

“ನೋಡ್ದೆ ಸಾರ್.”

“ಹದಿನಾಲ್ಕು ಅಂತ ಗೊತ್ತಾಯ್ತು ಅಲ್ವಾ?”

“ಗೊತ್ತಾಯ್ತು ಸಾರ್.”

“ಮತ್ತೆ ಯಾಕಮ್ಮ ಕಳೆದೆ?”

ಇಂಥ ಪ್ರಶ್ನೆಯನ್ನು ಸಾರ್ ಯಾಕೆ ಕೇಳುತ್ತಿದ್ದಾರೆ ಎಂದು ಅವಳಿಗೆ ಆಶ್ಚರ್ಯವಾಯಿತು.

“ನೀವು ಎದುರಿಗೇ ನಿಂತಿದ್ರಲ್ಲ ಸಾರ್. ಕಳೀಬಾರದು ಅಂತಿದ್ರೆ ನೀವು ಹೇಳ್ತಿದ್ರಿ.”

ಅಷ್ಟು ಹೇಳಿ ಗೆಳತಿಯರ ಕಡೆ ಓಡಿದಳು. ಮೇಷ್ಟ್ರು ಮಕ್ಕಳು ಕೂರುವ ಬೆಂಚಿನ ಮೇಲೆಯೇ ಕುಸಿದು ಕೂತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು.